ಮನೆಯ ಹಿರಿಯರು ಬಿದ್ದರೆ ‘ಜಾರಿಬಿಟ್ಟರು’ ಅಂತ ಬಿಡಬೇಡಿ, ಲೆಕ್ಕ ಬರೆದಿಡಿ

ನಮ್ಮ ಅತ್ತೆ ಸೊಂಟದ ಮೂಳೆ ಮುರಿದುಕೊಂಡ ದಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ‘ಹೇಗೆ ಬಿದ್ದರು?’ ಅಂತ. ನಾನು ಜಾರಿ ಬಿದ್ದರು ಅಂದೆ. ಯಜಮಾನರು ತಲೆ ಸುತ್ತು ಬಂದಿರಬೇಕು ಅಂದರು. ಮೈದುನ ಹೊಸ್ತಿಲು ಎಡವಿದರು ಅಂದ. ಅತ್ತೆ ಮಾತ್ರ ‘ಏನೋ, ಕಾಲು ಬರಲಿಲ್ಲಪ್ಪಾ’ ಅಂದು ಸುಮ್ಮನಾದರು. ನಾಲ್ಕು ಜನ, ನಾಲ್ಕು ಉತ್ತರ. ಆಪರೇಷನ್ ಮುಗಿದು ಮನೆಗೆ ಬಂದು ವಾರ ಕಳೆದ ಮೇಲೆ ಗೊತ್ತಾಯಿತು, ಅದಕ್ಕೆ ಮುಂಚೆ ಎರಡು ತಿಂಗಳಲ್ಲಿ ಅವರು ಮೂರು ಸಲ ಬಿದ್ದಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ‘ನಿಮಗ್ಯಾಕೆ ಬೇಕಿತ್ತು ಈ ಕೆಲಸ’ ಅಂತ ನಾವೇ ಬೈಯುತ್ತಿದ್ದೆವು, ಅದಕ್ಕೆ.

ಆ ಮೂರರಲ್ಲಿ ಒಂದು ನಮಗೆ ಗೊತ್ತಾಗಿದ್ದರೂ ಸಾಕಿತ್ತು ಅಂತ ಇವತ್ತಿಗೂ ಅನಿಸುತ್ತದೆ. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ 65 ದಾಟಿದವರು ಇದ್ದರೆ ಇವತ್ತೇ ಶುರು ಮಾಡಿ. ಆ ವಯಸ್ಸಿನವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಂದು ಸಲವಾದರೂ ಬೀಳುತ್ತಾರೆ.

ಮೊದಲು, ಯಾವುದನ್ನು ‘ಬಿದ್ದದ್ದು’ ಅಂತ ಬರೆಯಬೇಕು? ನಾವು ಪೆಟ್ಟಾದರೆ ಮಾತ್ರ ಬಿದ್ದರು ಅನ್ನುತ್ತೇವೆ. ಇದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವುದು ಸರಳವಾಗಿದೆ: ಬೇಕು ಅಂತ ಅಲ್ಲದೆ ನೆಲಕ್ಕೋ, ಇದ್ದ ಜಾಗಕ್ಕಿಂತ ಕೆಳಗಿನ ಜಾಗಕ್ಕೋ ಬಂದುಬಿಟ್ಟರೆ ಅದು ಬೀಳುವುದೇ. ಮಂಚದಿಂದ ಜಾರಿ ಕೆಳಗೆ ಕೂತರೂ ಲೆಕ್ಕ. ಜಗಲಿ ಮೆಟ್ಟಿಲ ಮೇಲೆ ಧಪ್ಪಂತ ಕುಸಿದು ಕೂತರೂ ಲೆಕ್ಕ. ಇದರ ಜೊತೆಗೆ ‘ಬೀಳುವ ಹಾಗಾಗಿ ತಪ್ಪಿದ್ದು’ ಅಂತ ಇನ್ನೊಂದು ಇದೆ. ಜೋಲಿ ಹೊಡೆದು ಗೋಡೆ ಹಿಡಿದುಕೊಂಡರು, ಮುಗ್ಗರಿಸಿ ಸಾವರಿಸಿಕೊಂಡರು, ಅಂಥವು. ಅವನ್ನೂ ಬರೆಯಿರಿ. ಮೂಳೆ ಮುರಿಯುವ ಮುಂಚೆ ಸಿಗುವ ಸೂಚನೆ ಅವೇ.

ಬರೆಯುವುದಕ್ಕೆ ಹೊಸದೇನೂ ಬೇಡ. ಅಡುಗೆಮನೆ ಗೋಡೆಯಲ್ಲಿ ಕ್ಯಾಲೆಂಡರ್ ಇರುತ್ತದಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಗೀಚಿರುತ್ತೇವಲ್ಲ, ಅದೇ ಸಾಕು. ಬಿದ್ದ ದಿನ ಒಂದು ಸುತ್ತು ಹಾಕಿ, ತಪ್ಪಿದ ದಿನ ಒಂದು ಗೆರೆ. ಏನೂ ಆಗದ ದಿನಕ್ಕೂ ಒಂದು ಚುಕ್ಕಿ ಇಡಿ. ಈ ಚುಕ್ಕಿ ಯಾಕೆ ಅಂದರೆ, ಖಾಲಿ ಬಿಟ್ಟರೆ ಬೀಳಲಿಲ್ಲವೋ ಕೇಳಲು ಮರೆತೆವೋ ಆಮೇಲೆ ಗೊತ್ತಾಗುವುದಿಲ್ಲ. ಹಿರಿಯರು ಬೀಳುವುದರ ಬಗ್ಗೆ ಸಂಶೋಧನೆ ಮಾಡುವವರೂ ದಿನದಿನದ ಕ್ಯಾಲೆಂಡರನ್ನೇ ಕೊಟ್ಟು ತಿಂಗಳಿಗೊಮ್ಮೆ ವಾಪಸ್ ಪಡೆಯುತ್ತಾರೆ, ಯಾಕಂದರೆ ‘ಹೋದ ವರ್ಷ ಎಷ್ಟು ಸಲ ಬಿದ್ದಿರಿ’ ಅಂತ ಕೇಳಿದರೆ ಎಷ್ಟೋ ಜನಕ್ಕೆ ನಿಜವಾಗಿಯೂ ನೆನಪಿರುವುದಿಲ್ಲ.

ಸುತ್ತು ಹಾಕಿದ ದಿನದ ವಿವರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅವತ್ತೇ ಕೇಳಿ, ನಾಳೆಗೆ ಬಿಡಬೇಡಿ. ‘ಯಾಕೆ ಬಿದ್ದಿರಿ’ ಅಂತ ಮಾತ್ರ ಕೇಳಬೇಡಿ, ಅದು ಬೈದ ಹಾಗೆ ಕೇಳುತ್ತದೆ. ‘ಬೀಳುವ ಮುಂಚೆ ಏನು ಮಾಡುತ್ತಾ ಇದ್ರಿ?’ ಅಂತ ಕೇಳಿ. ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದರು, ಕೈಯಲ್ಲಿ ಏನಿತ್ತು, ತಿರುಗಿದರಾ, ಬಗ್ಗಿದರಾ, ಕೂತಿದ್ದವರು ಎದ್ದರಾ. ಗಂಟೆ ಎಷ್ಟು, ಬೆಳಕಿತ್ತಾ, ಕಾಲಲ್ಲಿ ಏನಿತ್ತು, ಕನ್ನಡಕ ಹಾಕಿದ್ದರಾ, ಊಟ ಆಗಿತ್ತಾ, ಯಾವ ಮಾತ್ರೆ ಯಾವಾಗ ತೆಗೆದುಕೊಂಡಿದ್ದರು. ಕಣ್ಣು ಕತ್ತಲೆ ಬಂತಾ, ಇಲ್ಲ ಪೂರ್ತಿ ಎಚ್ಚರ ಇತ್ತಾ. ಯಾವ ಕಡೆಗೆ ಬಿದ್ದರು, ಮೊದಲು ನೆಲಕ್ಕೆ ತಾಗಿದ್ದು ಏನು. ತಾವೇ ಎದ್ದರಾ, ಎಷ್ಟು ಹೊತ್ತು ನೆಲದ ಮೇಲೆ ಇದ್ದರು. ಐದು ನಿಮಿಷದ ಕೆಲಸ. ಆಗುವುದಾದರೆ ಅದೇ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ ಅನ್ನಿ. ಕೂತು ಹೇಳುವಾಗ ಮರೆತದ್ದು ಜಾಗ ನೋಡಿದರೆ ನೆನಪಾಗುತ್ತದೆ.

‘ಜಾರಿದರು’ ಅಂತ ಒಂದೇ ಪದ ಬರೆದು ಮುಗಿಸಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆನಡಾದ ವ್ಯಾಂಕೂವರ್ ಕಡೆ ಹಿರಿಯರ ಆರೈಕೆ ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು, 130 ಜನ ನಿಜವಾಗಿ ಬಿದ್ದ 227 ಸಂದರ್ಭಗಳ ವಿಡಿಯೊ ನೋಡಿ ಲೆಕ್ಕ ಹಾಕಿದ್ದಾರೆ. 2013ರಲ್ಲಿ ಅದು ಪ್ರಕಟವಾಯಿತು. ಜಾರಿ ಬಿದ್ದದ್ದು ಬರೀ ನೂರಕ್ಕೆ 3. ಎಡವಿದ್ದು ಸುಮಾರು 21. ಎಲ್ಲಕ್ಕಿಂತ ಜಾಸ್ತಿ, ನೂರಕ್ಕೆ 41, ಮೈಯ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುವಾಗ ಆಯ ತಪ್ಪಿದ್ದು. ಅಂದರೆ ತಿರುಗುವಾಗ, ಬಗ್ಗುವಾಗ, ಕೂರಲು ಹೋದಾಗ, ಸುಮ್ನೆ ನಿಂತಿದ್ದಾಗ ಕೂಡ. ನಮ್ಮ ಬಚ್ಚಲಲ್ಲಿ ನೀರು ಪಾಚಿ ಇರುತ್ತದೆ, ಜಾರುವುದು ಇಲ್ಲಿ ಅದಕ್ಕಿಂತ ಜಾಸ್ತಿಯೇ ಇರಬಹುದು, ಒಪ್ಪುತ್ತೇನೆ. ಆದರೂ ‘ಕಾಲು ಬರಲಿಲ್ಲ’ ಅಂತ ನಮ್ಮತ್ತೆ ಹೇಳಿದ್ದು ಇದನ್ನೇ ಅಲ್ವಾ? ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ.

ಒಂದೆರಡು ತಿಂಗಳು ಬರೆದ ಮೇಲೆ ಪುಸ್ತಕವನ್ನು ಒಟ್ಟಿಗೆ ಓದಿ. ಒಂದೊಂದೇ ನೋಡಿದರೆ ಏನೂ ಕಾಣದು, ಸಾಲಾಗಿ ನೋಡಿದರೆ ಕಾಣುತ್ತದೆ. ನಮ್ಮ ಮನೆಯದು ಹೇಳುತ್ತೇನೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು, ರೇಷ್ಮೆ ಹುಳು ಸಾಕುತ್ತೇವೆ. ಕ್ಯಾಲೆಂಡರಿನಲ್ಲಿ ಸುತ್ತು, ಗೆರೆ ಎಲ್ಲ ಗುಂಪು ಗುಂಪಾಗಿ ಇದ್ದವು. ಮಧ್ಯದಲ್ಲಿ ಎರಡು ಮೂರು ವಾರ ಬರೀ ಚುಕ್ಕಿ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಬೆಳೆಯ ದಿನ ಪಕ್ಕದಲ್ಲಿ ಇಟ್ಟು ನೋಡಿದೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡಲು ಸೊಪ್ಪು ಬಿಟ್ಟು ಮಲಗುವುದು) ಎದ್ದು ಹಣ್ಣಾಗುವವರೆಗಿನ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗಿನ ವಾರ ಅದು! ರೇಷ್ಮೆ ಮನೆಯವರಿಗೆ ಹೇಳಬೇಕಾಗಿಲ್ಲ, ಹುಳು ತಿನ್ನುವ ಸೊಪ್ಪಿನಲ್ಲಿ ಹೆಚ್ಚಿನ ಪಾಲು ಆ ಏಳೆಂಟು ದಿನದಲ್ಲೇ. ಮನೆಯವರೆಲ್ಲ ಸೊಪ್ಪು ಕೊಯ್ಯಲು, ಹಾಕಲು ಓಡುತ್ತಿರುತ್ತೇವೆ. ರಾತ್ರಿ ಹತ್ತು ಹನ್ನೊಂದಕ್ಕೂ ಸೊಪ್ಪು ಹಾಕಬೇಕು. ಅತ್ತೆ ಮಾವ ಸುಮ್ಮನೆ ಕೂರಲಾರದೆ ತಾವೂ ಕಡ್ಡಿ ಸೊಪ್ಪಿನ ಹೊರೆ ಎತ್ತಿಕೊಂಡು ಬರುತ್ತಾರೆ. ಹೊರೆ ಎದೆ ಮಟ್ಟಕ್ಕೆ ಇದ್ದರೆ ಕಾಲಡಿ ಏನಿದೆ ಅಂತ ಕಾಣುವುದಿಲ್ಲ. ಹುಳು ಮನೆ ಬಾಗಿಲಲ್ಲಿ ಒದ್ದೆ ಗೋಣಿಚೀಲ, ನೆಲದಲ್ಲಿ ಸುಣ್ಣದ ಪುಡಿ, ಉದುರಿದ ಎಲೆ. ಮೇಲೆ ನಿದ್ದೆ ಇಲ್ಲ, ಊಟ ಹೊತ್ತು ತಪ್ಪಿದ್ದು. ಇದರಲ್ಲಿ ಯಾವುದೋ ಒಂದು ಬೀಳಿಸಿದ್ದು ಅಂತ ಹೇಳಲಾಗದು, ಎಲ್ಲ ಕೂಡಿ ಬೀಳಿಸುತ್ತದೆ.

ಆದ್ದರಿಂದ ನಾವು ಮಾಡಿದ್ದು ದೊಡ್ಡದೇನಲ್ಲ. ಆ ವಾರ ಒಬ್ಬ ಆಳು ಜಾಸ್ತಿ. ಹಿರಿಯರಿಗೆ ಕೂತು ಮಾಡುವ ಕೆಲಸ ಕೊಟ್ಟೆವು, ಕೆಲಸವೇ ಬೇಡ ಅಂತ ಹೇಳಲಿಲ್ಲ. ಬಾಗಿಲ ಗೋಣಿಚೀಲ ತೆಗೆದು ನೆಲಕ್ಕೆ ಕಚ್ಚಿಕೊಳ್ಳುವ ರಬ್ಬರ್ ಮ್ಯಾಟ್ ಹಾಕಿದೆವು. ನಿಮ್ಮ ಮನೆಯಲ್ಲಿ ಬೇರೆ ಇರುತ್ತದೆ. ಟೊಮೆಟೊ ತೋಟದವರಿಗೆ ಡ್ರಿಪ್ ಪೈಪು ಕಾಲಿಗೆ ಸಿಗುವುದು, ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ಮೋಟರ್ ಹಾಕಲು ಯಜಮಾನರು ಒಬ್ಬರೇ ಟಾರ್ಚ್ ಹಿಡಿದು ಹೋಗುವುದು, ಹಸು ಇರುವವರಿಗೆ ಬೆಳಗಿನ ಜಾವ ಕೊಟ್ಟಿಗೆಯ ಗಂಜಲ, ಕರುವಿನ ಹಗ್ಗ. ಶನಿವಾರ ಒಪ್ಪೊತ್ತು ಇರುವವರು ಶುಗರ್ ಮಾತ್ರೆ ಮಾತ್ರ ನುಂಗಿ ಊಟ ಬಿಟ್ಟರೆ ಶನಿವಾರಗಳಲ್ಲೇ ಸುತ್ತು ಕಾಣುತ್ತದೆ. ಪುಸ್ತಕ ನಿಮಗೇ ಹೇಳುತ್ತದೆ.

ಮಾವನದು ಬೇರೆ ಕಥೆ. ಅವರ ಗೆರೆಗಳೆಲ್ಲ ಬೆಳಗಿನ ಜಾವ ನಾಲ್ಕು ಐದು ಗಂಟೆಗೆ, ಮಂಚದಿಂದ ಎದ್ದು ಎರಡು ಹೆಜ್ಜೆ ಇಟ್ಟ ಮೇಲೆ. ಇದು ಕಂಡರೆ ಬಿಪಿ ನೋಡಲೇಬೇಕು. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ನೀವೇ ನೋಡಬಹುದು. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ, ನಿಂತಾಗ ಬಿಪಿ ಬೀಳುತ್ತಿದೆ ಅಂತ ಅರ್ಥ. ಹಿಂದೆ ಕುರ್ಚಿ ಇಟ್ಟುಕೊಂಡು, ಒಬ್ಬರು ಪಕ್ಕದಲ್ಲಿ ನಿಂತು ನೋಡಿ. ಆ ಅಂಕಿಗಳನ್ನು ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಏಳುವಾಗ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ಏಳುವ ಅಭ್ಯಾಸ ಮಾಡಿಸಿ.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆ ಎಲ್ಲವನ್ನೂ ಒಂದು ಚೀಲಕ್ಕೆ ಸುರಿದುಕೊಂಡು ಹೋಗಿ. ನಿದ್ದೆ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆ, ಮೂತ್ರ ಸರಾಗವಾಗಲು ಕೊಡುವ ಪ್ರಾಸ್ಟೇಟ್ ಮಾತ್ರೆ, ಶೀತಕ್ಕೆ ಅಂಗಡಿಯಲ್ಲಿ ಕೇಳಿ ತಂದ ಮಂಪರು ಬರಿಸುವ ಮಾತ್ರೆ, ಇವೆಲ್ಲ ಬೀಳುವುದನ್ನು ಹೆಚ್ಚಿಸಬಹುದು. ಮೂರು ಕಡೆ ತೋರಿಸಿ ಮೂರು ಚೀಟಿಯ ಮಾತ್ರೆ ಒಟ್ಟಿಗೆ ನುಂಗುವವರು ನಮ್ಮಲ್ಲಿ ತುಂಬಾ ಜನ. ಒಬ್ಬರು ಕೂತು ಎಲ್ಲವನ್ನೂ ಒಮ್ಮೆ ನೋಡಬೇಕು.

ಕಣ್ಣು ಕೂಡ. ಪೊರೆ ಇದ್ದರೆ ತೆಗೆಸಿ, ‘ಇನ್ನೂ ಬಲಿಯಲಿ’ ಅಂತ ಕಾಯಬೇಡಿ. ಮೇಲೆ ದೂರ, ಕೆಳಗೆ ಓದು ಎರಡೂ ಇರುವ ಕನ್ನಡಕ ಹಾಕಿ ಮೆಟ್ಟಿಲು ಇಳಿದರೆ ಕೆಳಗಿನ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಹೊರಗೆ ಜಾಸ್ತಿ ಓಡಾಡುವವರಿಗೆ ದೂರಕ್ಕೆ ಅಂತ ಬೇರೆ ಕನ್ನಡಕ ಒಳ್ಳೆಯದು.

ಕಾಲಿನ ಬಲ ನೋಡಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಗಟ್ಟಿ ಕುರ್ಚಿಯಿಂದ 3 ಮೀಟರ್, ಅಂದರೆ ಸುಮಾರು 10 ಅಡಿ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕುರ್ಚಿಯಿಂದ ಎದ್ದು, ದಿನಾ ನಡೆಯುವ ಹಾಗೆ ನಡೆದು, ಗೆರೆ ಹತ್ತಿರ ತಿರುಗಿ, ವಾಪಸ್ ಬಂದು ಕೂರಬೇಕು. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ತಿಳಿಯಿರಿ. ಸಮಯಕ್ಕಿಂತ ಮುಖ್ಯ, ತಿರುಗುವಾಗ ಎಷ್ಟು ಹೆಜ್ಜೆ ಇಡುತ್ತಾರೆ, ಏಳುವಾಗ ಕೈ ಊರುತ್ತಾರಾ ಅಂತ ನೋಡಿ. ಮೂರು ತಿಂಗಳಿಗೊಮ್ಮೆ ಮಾಡಿಸಿ ಅದೇ ಪುಸ್ತಕದಲ್ಲಿ ಬರೆಯಿರಿ.

ಈಗ ಮೂಳೆಯ ವಿಷಯ. ಬಿದ್ದವರೆಲ್ಲ ಮುರಿದುಕೊಳ್ಳುವುದಿಲ್ಲ. ಪಕ್ಕಕ್ಕೆ ಬಿದ್ದು ಸೊಂಟದ ಮೂಳೆ ನೇರವಾಗಿ ನೆಲಕ್ಕೆ ತಾಗಿದರೆ ಅಪಾಯ ಬಹಳ ಜಾಸ್ತಿ. ಅದಕ್ಕೇ ಯಾವ ಕಡೆ ಬಿದ್ದರು ಅಂತ ಬರೆಯಲು ಹೇಳಿದ್ದು. ಮುಂದಕ್ಕೆ ಬಿದ್ದು ಕೈ ಊರಿದವರಿಗೆ ಮುಂಗೈ ಮುರಿಯುತ್ತದೆ. ಐವತ್ತೈದು ಅರವತ್ತರ ಹೆಂಗಸಿಗೆ ನಿಂತ ಎತ್ತರದಿಂದ ಬಿದ್ದು ಮುಂಗೈ ಮುರಿದರೆ, ‘ಕೈ ತಾನೆ’ ಅಂತ ಕಟ್ಟು ಹಾಕಿಸಿ ಮರೆಯಬೇಡಿ. ಮೂಳೆ ಸವೆದಿದೆ ಅನ್ನುವ ಸೂಚನೆ ಅದು. ಎತ್ತರ ಕಡಿಮೆಯಾಗುವುದು, ಬೆನ್ನು ಗೂನಾಗುವುದು ಕೂಡ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಇದೆ. ಅದರಲ್ಲಿ ಟಿ ಸ್ಕೋರ್ ಅನ್ನುವ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ಟೊಳ್ಳಾಗುವ ಕಾಯಿಲೆ. ಅದಕ್ಕೆ ಔಷಧ ಇದೆ. ಒಮ್ಮೆ ಮುರಿದವರಿಗೆ ರಾಡು, ಪ್ಲೇಟು ಹಾಕಿ ಕಳಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ, ‘ಮೂಳೆ ಗಟ್ಟಿಯಾಗಲು ಏನು ಕೊಡುತ್ತೀರಿ’ ಅಂತ ನೀವೇ ಬಾಯಿಬಿಟ್ಟು ಕೇಳಿ.

ನಮ್ಮ ಕಡೆಯವರು ಇದರ ಜೊತೆ ಇನ್ನೊಂದು ಮಾತು ಹೇಳಬೇಕು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಗಳಲ್ಲಿ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುವುದಷ್ಟೇ ಅಲ್ಲ, ಕೀಲು ಬಿಗಿಯಾಗುತ್ತದೆ, ಬೆನ್ನು ಕತ್ತು ತಿರುಗುವುದಿಲ್ಲ, ಆಯ ತಪ್ಪಿದಾಗ ಸಾವರಿಸಿಕೊಳ್ಳಲು ಆಗುವುದಿಲ್ಲ. ಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ಕಾಣಬಹುದು, ಆದರೆ ಗಟ್ಟಿ ಇರುವುದಿಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರಿಗೆ ಫ್ಲೋರೈಡನ್ನೇ ಔಷಧವಾಗಿ ಕೊಟ್ಟು ನೋಡಿದ್ದರು, 1990ರಲ್ಲಿ ಫಲಿತಾಂಶ ಬಂತು. ಬೆನ್ನುಮೂಳೆಯ ಸಾಂದ್ರತೆ ಏರಿತು, ಆದರೆ ಕೈಕಾಲಿನ ಮೂಳೆ ಮುರಿಯುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆದ್ದರಿಂದ ಹಳೆಯ ಬೋರ್‌ವೆಲ್ ನೀರು ಎಷ್ಟು ವರ್ಷ ಕುಡಿದಿದ್ದಾರೆ ಅಂತ ಡಾಕ್ಟರಿಗೆ ಹೇಳಿ, ಸ್ಕ್ಯಾನ್ ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ. ಈಗ ಕುಡಿಯುವುದಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಮುದ್ದೆಗೆ ಎಸರಿಡುವ ನೀರೂ ಹೊಟ್ಟೆಗೇ ಹೋಗುವುದು.

ಊಟದಲ್ಲಿ ನಮಗೆ ಕೊರತೆ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ವಯಸ್ಸಾದವರು ‘ಜೀರ್ಣ ಆಗಲ್ಲ’ ಅಂತ ಮುದ್ದೆ ಬಿಟ್ಟು ಅನ್ನ ತಿಳಿಸಾರಿಗೆ ಇಳಿಯುತ್ತಾರೆ, ಕಾಲಿನ ಮಾಂಸ ಕರಗುವುದು ಅಲ್ಲಿಂದಲೇ. ರಾಗಿ ಅಂಬಲಿ, ಮೊಸರು, ಮೊಟ್ಟೆ, ಹುರುಳಿ, ಅವರೆ, ಯಾವ ರೂಪದಲ್ಲಾದರೂ ಒಳಗೆ ಹೋಗಲಿ. ವಿಟಮಿನ್ ಡಿ ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಲಿ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೆ ಒಂದೇ ಸಲ 5 ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಬೀಳುವುದೂ ಮುರಿಯುವುದೂ ಎರಡೂ ಹೆಚ್ಚಾಯಿತು ಅಂತ 2010ರಲ್ಲಿ ವರದಿಯಾಯಿತು. ಜಾಸ್ತಿ ಕೊಟ್ಟರೆ ಜಾಸ್ತಿ ಬಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎಲ್ಲಕ್ಕಿಂತ ಕೆಲಸ ಮಾಡುವುದು ವ್ಯಾಯಾಮ, ಅದೂ ಆಯ ಹಿಡಿಯುವುದನ್ನು ಕಲಿಸುವ ವ್ಯಾಯಾಮ. 2019ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿಯ ಪ್ರಕಾರ ವ್ಯಾಯಾಮದಿಂದ ಬೀಳುವುದು ಸುಮಾರು ನಾಲ್ಕನೇ ಒಂದು ಪಾಲು ಕಡಿಮೆಯಾಗುತ್ತದೆ. ಬರೀ ವಾಕಿಂಗ್ ಸಾಲದು. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆ ಪಕ್ಕದಲ್ಲಿ ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಡೆಯುವುದು, ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುವುದು. ನಮ್ಮತ್ತೆ ಬೆಳಿಗ್ಗೆ ಹಾಲು ಕಾಯುವಾಗ ಸ್ಲ್ಯಾಬ್ ಹಿಡಿದು ಹಿಮ್ಮಡಿ ಎತ್ತುತ್ತಾರೆ. ಬೇರೆ ಸಮಯ ಹುಡುಕಿದರೆ ಆಗುವುದಿಲ್ಲ, ದಿನಾ ಮಾಡುವ ಕೆಲಸಕ್ಕೆ ಜೋಡಿಸಿ.

ಮನೆಯ ರಿಪೇರಿ ಬೇಗ ಹೇಳಿ ಮುಗಿಸುತ್ತೇನೆ. ಬಚ್ಚಲು, ಕಕ್ಕಸಿನಲ್ಲಿ ಹಿಡಿಯಲು ಗಟ್ಟಿ ಪೈಪು ಹಾಕಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಟವೆಲ್ ಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ, ಅದನ್ನು ನಂಬಬೇಡಿ. ಹೊಸ್ತಿಲ ಅಂಚಿಗೆ, ಕೊನೆಯ ಮೆಟ್ಟಿಲಿಗೆ ಹಳದಿ ಬಣ್ಣ ಬಳಿಯಿರಿ. ಮಂಚದಿಂದ ಬಚ್ಚಲವರೆಗೆ ರಾತ್ರಿ ಒಂದು ಸಣ್ಣ ಬಲ್ಬು, ಕರೆಂಟ್ ಹೋದರೆ ಕೈಗೆ ಸಿಗುವ ಹಾಗೆ ಟಾರ್ಚು. ಸವೆದ ಹವಾಯಿ ಚಪ್ಪಲಿ ಎಸೆದು ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೊಡಿಸಿ. ಸೀರೆ, ಪಂಚೆ ಪಾದಕ್ಕಿಂತ ನಾಲ್ಕು ಬೆರಳು ಮೇಲೆ ಇರಲಿ.

ಇಷ್ಟಾದರೂ ಬಿದ್ದರೆ, ಓಡಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ನಿಮಿಷ ಮಾತಾಡಿಸಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ, ಭಾರ ಹಾಕಲು ಆಗದಿದ್ದರೆ ಸೊಂಟದ ಮೂಳೆ ಮುರಿದಿರಬಹುದು, 108ಕ್ಕೆ ಫೋನ್ ಮಾಡಿ. ಎಣ್ಣೆ ಹಚ್ಚಿ ನೀವಬೇಡಿ. ನಾಟಿ ಕಟ್ಟಿಗೆ ಕರೆದುಕೊಂಡು ಹೋಗಬೇಡಿ. ಕೈಮೂಳೆಗೆ ಕಟ್ಟು ಹಾಕಿಸಿ ವಾಸಿಯಾದವರು ಊರಲ್ಲಿ ಇರುತ್ತಾರೆ, ಆದರೆ ಸೊಂಟದ ಮೂಳೆ ಬೇರೆ. ಅದಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಬೇಕು, ಆದಷ್ಟು ಎರಡು ದಿನದ ಒಳಗೆ ಆಗಬೇಕು. ತಿಂಗಳುಗಟ್ಟಲೆ ಮಲಗಿಸಿದರೆ ಬೆನ್ನು ಹುಣ್ಣು, ಎದೆ ಸೋಂಕು, ಕಾಲಲ್ಲಿ ರಕ್ತ ಹೆಪ್ಪು. ಜನ ಸಾಯುವುದು ಅದರಿಂದ. ತಲೆಗೆ ಪೆಟ್ಟು ಬಿದ್ದು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ ಚೆನ್ನಾಗಿಯೇ ಇದ್ದರೂ ಆಸ್ಪತ್ರೆಗೆ ಹೋಗಿ. ಏನೂ ಆಗಿಲ್ಲ ಅಂತ ಖಾತ್ರಿಯಾದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಕುರ್ಚಿ ಹಿಡಿದು ಅವರೇ ಏಳಲಿ. ನೀವು ಕುರ್ಚಿ ಹಿಡಿದುಕೊಂಡಿರಿ.

ಬಿದ್ದವರಿಗೆ ಹೆದರಿಕೆ ಕೂರುತ್ತದೆ. ನಮ್ಮತ್ತೆ ಆರು ತಿಂಗಳು ಜಗಲಿ ದಾಟಲಿಲ್ಲ. ಓಡಾಡದಿದ್ದರೆ ಕಾಲು ಇನ್ನೂ ಸೊರಗುತ್ತದೆ, ಇನ್ನೂ ಬೀಳುತ್ತಾರೆ. ನಾವು ಮೊದಲು ಬಾಗಿಲವರೆಗೆ, ಆಮೇಲೆ ಪಕ್ಕದ ಮನೆವರೆಗೆ, ಆಮೇಲೆ ದೇವಸ್ಥಾನದವರೆಗೆ ಅಂತ ವಾರಕ್ಕಿಷ್ಟು ಹೆಚ್ಚಿಸಿದೆವು. ಕೋಲು ಹಿಡಿಯಲು ನಾಚಿಕೆ ಪಟ್ಟರು, ಎದುರು ಮನೆಯಜ್ಜಿಯೂ ಕೋಲು ಹಿಡಿದ ಮೇಲೆ ಒಪ್ಪಿದರು. ಕೋಲಿನ ಎತ್ತರ ಸರಿ ಇರಬೇಕು: ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ತುದಿಯ ರಬ್ಬರ್ ಬುಷ್ ಸವೆದು ನುಣುಪಾಗಿದೆಯಾ ಅಂತ ತಿಂಗಳ ಮೊದಲ ದಿನ, ಹೊಸ ಹಾಳೆ ತಿರುವುವಾಗ, ನೋಡಿಬಿಡಿ.